ಗೆಳೆತನದ ಪಾಠ: ಎರಾಸ್ಮಸರ ಪುಸ್ತಿಕೆಯಿಂದ ಮೊಬೈಲ್ ಆ್ಯಪ್‌ವರೆಗೆ

ಇತ್ತೀಚಿನ ವರ್ಷಗಳಲ್ಲಿ ಧರ್ಮಕೇಂದ್ರದ ಮನೆಗಳಿಗೆ ಭೇಟಿ ನೀಡುವಾಗ ತಾಯಂದಿರು ಸ್ವಲ್ಪ ಸಂಕೋಚದಿಂದಲೇ ಕೇಳುವ ಪ್ರಶ್ನೆಯೊಂದಿದೆ. "ಫಾದರ್, ನಮ್ಮ ಮಗನಿಗೆ ಶಾಲೆಯಲ್ಲಿ ಗೆಳೆಯರೇ ಇಲ್ಲ. ಬೇರೆ ಮಕ್ಕಳೊಡನೆ ಹೇಗೆ ಬೆರೆಯಬೇಕೆಂದು ಕಲಿಸುವ ಆ್ಯಪ್ ಬಂದಿದೆಯಂತೆ. ಮೊಬೈಲಿಗೆ ಹಾಕಿಕೊಡಬಹುದೇ?" ಇದು ನಗುವ ಪ್ರಶ್ನೆಯಲ್ಲ. ಗೆಳೆಯರಿಲ್ಲದ ಮಗು ಊಟದ ಬಿಡುವಿನಲ್ಲಿ ಗೋಡೆಗೆ ಒರಗಿ ನಿಂತಿರುವುದನ್ನು ನೋಡಿದ ತಾಯಿಗೆ ಅದರ ನೋವು ಎಷ್ಟೆಂದು ಗೊತ್ತು. 'ಹೌದು' ಅಥವಾ 'ಬೇಡ' ಎಂದು ಒಂದೇ ಮಾತಿನಲ್ಲಿ ಉತ್ತರಿಸುವ ಬದಲು, ಈ ಪ್ರಶ್ನೆಯ ಹಿಂದಿರುವ ದೀರ್ಘ ಇತಿಹಾಸವನ್ನು ನಿಮ್ಮೊಡನೆ ಸ್ವಲ್ಪ ಅವಲೋಕಿಸಬೇಕೆಂಬುದು ನನ್ನ ಇಚ್ಛೆ. ಏಕೆಂದರೆ ಆ್ಯಪ್ ಹೊಸದು. ಆದರೆ ಮಕ್ಕಳಿಗೆ ಸಹಜೀವನದ ರೀತಿನೀತಿಯನ್ನೂ ಗೆಳೆತನವನ್ನೂ ಯಾವುದಾದರೊಂದು ಸಾಧನದ ಮೂಲಕ ಕಲಿಸಬೇಕೆಂಬ ಪ್ರಯತ್ನ ಬಹು ಹಳೆಯದು.

ನಮ್ಮ ನಾಡಿನಲ್ಲೇ ಇದಕ್ಕೊಂದು ಪ್ರಸಿದ್ಧ ನಿದರ್ಶನವಿದೆ. ಪಂಚತಂತ್ರದ ಹಿನ್ನೆಲೆಯ ಕಥೆ ನಿಮಗೆ ತಿಳಿದದ್ದೇ. ಓದಿನಲ್ಲಿ ಆಸಕ್ತಿಯಿಲ್ಲದ ರಾಜಕುಮಾರರಿಗೆ ಲೋಕವ್ಯವಹಾರವನ್ನು ತಿಳಿಸಲು ಗುರುವೊಬ್ಬನು ಪ್ರಾಣಿಪಕ್ಷಿಗಳ ಕಥೆಗಳನ್ನು ಹೆಣೆದನು. ಕನ್ನಡದಲ್ಲಿ ಅದನ್ನು 11ನೇ ಶತಮಾನದಲ್ಲಿ ಚಂಪುವಿನ ರೂಪದಲ್ಲಿ ಬರೆದವನು ಚಾಲುಕ್ಯರ ಆಸ್ಥಾನದ ದುರ್ಗಸಿಂಹ. ಅದರ ಒಂದು ಭಾಗ ಸ್ನೇಹ ಮುರಿಯುವ ಬಗೆಯನ್ನು ಹೇಳಿದರೆ ಇನ್ನೊಂದು ಭಾಗಕ್ಕೆ 'ಮಿತ್ರಕಾರ್ಯ'ವೆಂದೇ ಹೆಸರು. ಅಲ್ಲಿ ಕಥೆಯೇ ಸಾಧನ. ಆದರೆ ಕಥೆಯನ್ನು ಹೇಳುವ ಗುರು ಶಿಷ್ಯರ ಎದುರಿಗೇ ಕುಳಿತಿದ್ದನು ಎಂಬುದನ್ನು ಮುಂದಿನ ಮಾತುಗಳಿಗಾಗಿ ನೆನಪಿನಲ್ಲಿಡಿ.

ಯುರೋಪಿನಲ್ಲಿ ಮಕ್ಕಳ ಕೈಗೇ ಕೊಡುವಂಥ ಸಾಧನವೊಂದು ಹುಟ್ಟಿದ್ದು ಮುದ್ರಣಯಂತ್ರ ಬಂದ ಮೇಲೆ. 1530ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ ಲ್ಯಾಟಿನ್ ಭಾಷೆಯ ಚಿಕ್ಕ ಪುಸ್ತಕವೊಂದು ಪ್ರಕಟವಾಯಿತು. (ಮಂಗಳೂರಿಗೆ 1834ರಲ್ಲಿ ಬಂದ ಮಿಷನರಿಗಳ ದೆಸೆಯಿಂದ ಈ ಊರಿನ ಹೆಸರು ಕನ್ನಡಿಗರಿಗೆ ಅಪರಿಚಿತವಲ್ಲ.) ಬಾಲಕರ ನಡೆನುಡಿಯ ಸಭ್ಯತೆಯನ್ನು ಕುರಿತ ಆ ಪುಸ್ತಕವನ್ನು ಬರೆದವರು ಡೆಸಿಡೇರಿಯಸ್ ಎರಾಸ್ಮಸ್. ಅವರು ಆ ಕಾಲದ ಮಹಾವಿದ್ವಾಂಸರು, ಗುರುದೀಕ್ಷೆ ಪಡೆದವರು. ಹೊಸ ಒಡಂಬಡಿಕೆಯ ಗ್ರೀಕ್ ಮೂಲವನ್ನು ಅಚ್ಚಿಗೆ ತಂದ ಅದೇ ಕೈ, ತನ್ನ ಇಳಿವಯಸ್ಸಿನಲ್ಲಿ ಹನ್ನೊಂದು ವರ್ಷದ ಬಾಲಕನೊಬ್ಬನಿಗೆ ಅಂಗಿಯ ತೋಳಿನಿಂದ ಮೂಗು ಒರೆಸಿಕೊಳ್ಳಬೇಡವೆಂದು ಬರೆಯಿತು! ಮಹಾವಿದ್ವಾಂಸನಿಗೆ ಇದು ತಕ್ಕ ಕೆಲಸವೇ ಎಂದು ಯಾರಾದರೂ ಕೇಳಬಹುದೆಂದು ಅವರಿಗೂ ಅನ್ನಿಸಿತ್ತು. ದೇಹದ ಸಭ್ಯತೆ ತತ್ತ್ವಶಾಸ್ತ್ರದ ಅತ್ಯಂತ ಸ್ಥೂಲವಾದ ಭಾಗವೆಂದು ಅವರೇ ಮೊದಲಿಗೆ ಒಪ್ಪಿಕೊಳ್ಳುತ್ತಾರೆ.

ಆದರೂ ಬರೆದರು. ಕಣ್ಣು ಹೇಗಿರಬೇಕು, ನಗು ಹೇಗಿರಬೇಕು, ಊಟದ ಮೇಜಿನಲ್ಲಿ ಪಾತ್ರೆಗೆ ಮೊದಲು ಕೈಹಾಕುವ ಆತುರವನ್ನು ಏಕೆ ತಡೆಯಬೇಕು, ಆಟದಲ್ಲಿ ಹೇಗೆ ವರ್ತಿಸಬೇಕು ಎಂದೆಲ್ಲ ಹೇಳಿ, ಕೊನೆಯಲ್ಲಿ ಒಂದು ಮಾತನ್ನು ಸೇರಿಸಿದರು. ಸಭ್ಯತೆಯ ಹೆಚ್ಚಿನ ಭಾಗ ಇರುವುದು ತಾನು ತಪ್ಪದೆ ನಡೆಯುವುದರಲ್ಲಿ ಮಾತ್ರವಲ್ಲ, ಇತರರ ತಪ್ಪನ್ನು ಸುಲಭವಾಗಿ ಕ್ಷಮಿಸುವುದರಲ್ಲಿ. ಜೊತೆಗಾರನ ನಡವಳಿಕೆ ಒರಟಾಗಿದ್ದರೆ ಆ ಕಾರಣಕ್ಕೆ ಅವನ ಮೇಲಿನ ಪ್ರೀತಿ ಕಡಿಮೆಯಾಗಬಾರದು ಎಂಬುದು ಅದರ ಆಶಯ. ಪುಸ್ತಕದ ಎಲ್ಲ ನಿಯಮಗಳನ್ನೂ ಈ ಒಂದು ಮಾತು ತನ್ನ ಸ್ಥಾನದಲ್ಲಿ ಕೂರಿಸುತ್ತದೆಯೆಂದು ನನಗನ್ನಿಸುತ್ತದೆ. ನಿಯಮ ಕಲಿತ ಮಗು ನಿಯಮ ಕಲಿಯದ ಮಗುವನ್ನು ಕೀಳಾಗಿ ಕಾಣುವ ಅಪಾಯವನ್ನು ಎರಾಸ್ಮಸ್ ಮುಂಚೆಯೇ ಕಂಡಿದ್ದರು.

ಈ ಪುಸ್ತಕ ಹರಡಿದ ಪರಿ ಬೆರಗು ಹುಟ್ಟಿಸುವಂಥದು. 1532ರಲ್ಲೇ ಇಂಗ್ಲಿಷಿಗೆ ಬಂತು. ಮುಂದೆ ಯುರೋಪಿನ ಅನೇಕ ಭಾಷೆಗಳಲ್ಲಿ ಶಾಲಾಪಠ್ಯವಾಯಿತು. ಫ್ರಾನ್ಸಿನಲ್ಲಿ ರೋಬೇರ್ ಗ್ರಾಂಜೋನ್ ಎಂಬ ಅಚ್ಚುಮೊಳೆ ತಯಾರಕರು 1557ರಲ್ಲಿ ಕೈಬರಹವನ್ನು ಹೋಲುವ ಅಕ್ಷರಗಳನ್ನು ರೂಪಿಸಿದರು. ಮಕ್ಕಳಿಗೆ ಸಭ್ಯತೆ ಕಲಿಸುವ ಪುಸ್ತಕಗಳನ್ನು ಆ ಅಕ್ಷರದಲ್ಲೇ ಎಷ್ಟು ಅಚ್ಚುಹಾಕಿದರೆಂದರೆ ಆ ಅಕ್ಷರಶೈಲಿಗೇ 'ಸಿವಿಲಿತೇ', ಅಂದರೆ ಸಭ್ಯತೆ, ಎಂಬ ಹೆಸರು ನಿಂತುಹೋಯಿತು. ಮಗು ಒಂದೇ ಪುಸ್ತಕದಿಂದ ಓದು, ಕೈಬರಹ, ನಡವಳಿಕೆ ಮೂರನ್ನೂ ಕಲಿಯುತ್ತಿತ್ತು. ಇಂದಿನ ಆ್ಯಪ್‌ಗಳ ಜಾಹೀರಾತು ಹೇಳಿಕೊಳ್ಳುವುದೂ ಇಂಥದನ್ನೇ ಅಲ್ಲವೇ?

ಸಂತ ಜಾನ್ ಬ್ಯಾಪ್ಟಿಸ್ಟ್ ದೆ ಲಾ ಸಾಲ್ ಈ ಪರಂಪರೆಯನ್ನು ಬಡವರ ಮಕ್ಕಳ ಬಳಿಗೆ ತಂದರು. ಎರಾಸ್ಮಸರ ಪುಸ್ತಕ ಅರ್ಪಿತವಾದದ್ದು ಶ್ರೀಮಂತ ಮನೆತನದ ಬಾಲಕನಿಗೆ. ಲಾ ಸಾಲ್ 1703ರಲ್ಲಿ ಪ್ರಕಟಿಸಿದ ಕ್ರೈಸ್ತ ಸಭ್ಯತೆಯ ನಿಯಮಗಳ ಪುಸ್ತಕವಾದರೋ ಕುಶಲಕರ್ಮಿಗಳ ಮತ್ತು ಬಡವರ ಮಕ್ಕಳು ಕಲಿಯುತ್ತಿದ್ದ ಅವರ ಶಾಲೆಗಳಲ್ಲಿ ಓದುವ ಪಠ್ಯವಾಯಿತು. ಎದುರಿಗಿರುವ ವ್ಯಕ್ತಿಯಲ್ಲಿ ದೇವರ ಸಾನ್ನಿಧ್ಯವಿರುವುದರಿಂದ ಅವನಿಗೆ ಗೌರವ ಸಲ್ಲಬೇಕು ಎಂಬುದು ಅವರ ತರ್ಕ. ತಾನು ಸೊಗಸಾಗಿ ಕಾಣುವುದು ಅವರಿಗೆ ಮುಖ್ಯವಾಗಿರಲಿಲ್ಲ.

ಇಷ್ಟಾದರೂ ಈ ಪುಸ್ತಕಗಳ ಮಿತಿಯೊಂದನ್ನು ಹೇಳಲೇಬೇಕು. ಇವೆಲ್ಲ ದೊಡ್ಡವರು ಚಿಕ್ಕವರಿಗೆ ಹೇಳಿದ ಮಾತುಗಳು. ಮಕ್ಕಳು ಮಕ್ಕಳಿಂದ ಏನು ಕಲಿಯುತ್ತಾರೆಂದು ಕುಳಿತು ನೋಡಿದವರು ಆಗ ವಿರಳ. ಅಂಥ ನೋಟಕ್ಕೆ ನಾವು 1932ರವರೆಗೆ ಬರಬೇಕು. ಕಾಕತಾಳೀಯವೆಂಬಂತೆ ಅದೇ ವರ್ಷ ಎರಡು ಮುಖ್ಯ ಬರಹಗಳು ಹೊರಬಂದವು.

ಮೊದಲನೆಯದು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಅವರದು. ಮಕ್ಕಳ ನೈತಿಕ ತೀರ್ಮಾನಗಳನ್ನು ಅರಿಯಬೇಕೆಂದು ಹೊರಟ ಈ ವಿದ್ವಾಂಸರು ಮಾಡಿದ್ದು ಗೋಲಿ ಆಡುವುದನ್ನು! ಜಿನೀವಾ ಮತ್ತು ನ್ಯೂಷಾಟೆಲ್‌ನ ಹುಡುಗರ ಜೊತೆ ಕುಳಿತು, ತನಗೆ ಆಟ ಮರೆತುಹೋಗಿದೆ, ನಿಯಮ ಹೇಳಿಕೊಡಿರೆಂದು ಕೇಳಿದರು. ಚಿಕ್ಕ ಮಕ್ಕಳಿಗೆ ಗೋಲಿಯಾಟದ ನಿಯಮ ದೊಡ್ಡವರಿಂದ ಬಂದದ್ದು, ಯಾರೂ ಮುಟ್ಟಬಾರದ್ದು. ಆದರೂ ಆಡುವಾಗ ಪ್ರತಿಯೊಬ್ಬನದೂ ತನ್ನದೇ ಆಟ. ಹತ್ತು ಹನ್ನೊಂದರ ಹೊತ್ತಿಗೆ ಹುಡುಗರು 'ಎಲ್ಲರೂ ಒಪ್ಪಿದರೆ ನಿಯಮ ಬದಲಾಯಿಸಬಹುದು' ಎನ್ನತೊಡಗುತ್ತಾರೆ. ಅಚ್ಚರಿಯೆಂದರೆ, ಆಗಲೇ ನಿಯಮವನ್ನು ಹೆಚ್ಚು ನಿಷ್ಠೆಯಿಂದ ಪಾಲಿಸುತ್ತಾರೆ. ನ್ಯಾಯದ ಅರಿವು ಬೆಳೆಯುವುದು ಸಮಾನರ ನಡುವಿನ ಕೊಡುಕೊಳ್ಳುವಿಕೆಯಲ್ಲಿ, ಜಗಳವಾಡಿ ಮತ್ತೆ ಒಪ್ಪಂದಕ್ಕೆ ಬರುವುದರಲ್ಲಿ ಎಂದು ಪಿಯಾಜೆ ತೀರ್ಮಾನಿಸಿದರು. ನಮ್ಮ ಊರುಗಳ ಅಂಗಳದಲ್ಲಿ ಗೋಲಿ, ಲಗೋರಿ, ಚಿನ್ನಿದಾಂಡು ಆಡಿ ಬೆಳೆದ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 'ಔಟೋ, ಅಲ್ಲವೋ' ಎಂದು ಅರ್ಧ ಗಂಟೆ ವಾದಿಸಿದ್ದು ಆಟಕ್ಕಿಂತ ದೊಡ್ಡ ಪಾಠವಾಗಿತ್ತು.

ಎರಡನೆಯದು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮಿಲ್ಡ್ರೆಡ್ ಪಾರ್ಟನ್ ನಡೆಸಿದ ಅವಲೋಕನ. ಆಕೆ ಎರಡರಿಂದ ಐದು ವರ್ಷದೊಳಗಿನ ಮಕ್ಕಳನ್ನು ಒಂದೊಂದು ನಿಮಿಷದಂತೆ ದಿನದಿನವೂ ಗಮನಿಸಿ ಬರೆದಿಟ್ಟರು. ಸುಮ್ಮನೆ ಇರುವುದು, ಇತರರ ಆಟ ನೋಡುವುದು, ಒಂಟಿಯಾಗಿ ಆಡುವುದು, ಪಕ್ಕಪಕ್ಕದಲ್ಲಿ ಕುಳಿತು ಬೇರೆಬೇರೆಯಾಗಿ ಆಡುವುದು, ಒಂದಿಷ್ಟು ಹಂಚಿಕೊಂಡು ಆಡುವುದು, ಕೊನೆಗೆ ಕೂಡಿ ಒಂದೇ ಗುರಿಗಾಗಿ ಆಡುವುದು ಎಂದು ಆಕೆ ಗುರುತಿಸಿದ ಬಗೆಗಳು ಇಂದಿಗೂ ಶಿಕ್ಷಕರ ತರಬೇತಿಯಲ್ಲಿ ಪಾಠವಾಗಿವೆ. ಒಂಟಿ ಆಟ ಕೆಟ್ಟದ್ದೆಂದು ಇದರ ಅರ್ಥವಲ್ಲ, ಅದಕ್ಕೂ ಮಗುವಿನ ಬದುಕಿನಲ್ಲಿ ಸ್ಥಾನವಿದೆ. ಆದರೆ ಮದುವೆ ಮನೆಗಳಲ್ಲಿ ಒಂದೇ ಸೋಫಾದ ಮೇಲೆ ಐದು ಮಕ್ಕಳು ಐದು ಮೊಬೈಲ್ ಹಿಡಿದು ಕುಳಿತಿರುವುದನ್ನು ಕಂಡಾಗ ನನಗೆ ಪಾರ್ಟನ್ ಹೇಳಿದ ಆ 'ಪಕ್ಕಪಕ್ಕದ ಆಟ' ನೆನಪಾಗುತ್ತದೆ. ಎರಡೂವರೆ ವರ್ಷಕ್ಕೆ ಸಹಜವಾದದ್ದು ಹನ್ನೆರಡನೆಯ ವಯಸ್ಸಿಗೂ ಮುಂದುವರಿದರೆ ಯೋಚಿಸಬೇಕಾಗುತ್ತದೆ.

ಪರದೆಯ ಮೂಲಕ ಮಕ್ಕಳಿಗೆ ಸ್ನೇಹವನ್ನು ಕಲಿಸಬಹುದೆಂದು ನಂಬಿ ಇಡೀ ಜೀವನವನ್ನೇ ಅದಕ್ಕೆ ಮುಡಿಪಾಗಿಟ್ಟವರು ಫ್ರೆಡ್ ರೋಜರ್ಸ್. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ 1928ರಲ್ಲಿ ಹುಟ್ಟಿದ ಇವರು ದೂರದರ್ಶನವನ್ನು ಮೊದಲು ಕಂಡಾಗ ಅದರಲ್ಲಿ ಜನರು ಒಬ್ಬರ ಮುಖಕ್ಕೊಬ್ಬರು ತಿಂಡಿ ಎಸೆದು ನಗಿಸುತ್ತಿದ್ದರಂತೆ. ಅದನ್ನು ನೋಡಿ ಬೇಸತ್ತ ಅವರು ದೂರ ಸರಿಯಲಿಲ್ಲ, ಅದೇ ಮಾಧ್ಯಮದ ಒಳಗೆ ಹೊಕ್ಕರು. 1954ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಮಕ್ಕಳ ಕಾರ್ಯಕ್ರಮವೊಂದಕ್ಕೆ ಕೈಗೊಂಬೆಗಳನ್ನು ಆಡಿಸತೊಡಗಿದರು. ಜೊತೆಜೊತೆಗೇ ದೇವಶಾಸ್ತ್ರವನ್ನು ಅಭ್ಯಸಿಸಿ 1963ರಲ್ಲಿ ಪ್ರೆಸ್ಬಿಟೇರಿಯನ್ ಸಭೆಯ ಪಾದ್ರಿಯಾಗಿ ದೀಕ್ಷೆ ಪಡೆದರು. ಅವರಿಗೆ ಒಪ್ಪಿಸಲಾದ ಸೇವೆ ದೂರದರ್ಶನದ ಮೂಲಕ ಮಕ್ಕಳು ಮತ್ತು ಕುಟುಂಬಗಳನ್ನು ತಲುಪುವುದು. 1968ರ ಫೆಬ್ರವರಿಯಲ್ಲಿ ದೇಶದಾದ್ಯಂತ ಆರಂಭವಾದ 'ಮಿಸ್ಟರ್ ರೋಜರ್ಸ್ ನೇಬರ್‌ಹುಡ್' 2001ರವರೆಗೂ ನಡೆಯಿತು. ಅವರ ಕಾರ್ಯಕ್ರಮದಲ್ಲಿ ಉಪದೇಶ ಇರುತ್ತಿರಲಿಲ್ಲ, ದೇವರ ಹೆಸರೂ ಅಪರೂಪ. ನೆರೆಹೊರೆ ಎಂಬ ಹೆಸರೇ ಸಾಕಾಗಿತ್ತು. ತನ್ನ ನೆರೆಯವನು ಯಾರು ಎಂಬ ಪ್ರಶ್ನೆಗೆ ಪ್ರಭು ಯೇಸು ಹೇಳಿದ ಸಮಾರಿಯದವನ ಕಥೆಯನ್ನು ಬಲ್ಲ ನಮಗೆ ಅದು ಅರ್ಥವಾಗದಿರದು.

ರೋಜರ್ಸ್ ಏನು ಮಾಡುತ್ತಿದ್ದರು? ಬಾಗಿಲು ತೆರೆದು ಒಳಬಂದು, ಕೋಟು ಬಿಚ್ಚಿ ಸ್ವೆಟರ್ ಹಾಕಿ, ಬೂಟು ಬದಲಾಯಿಸಿ, ನಿಧಾನವಾಗಿ ಮಾತಾಡುತ್ತಿದ್ದರು. 1970ರ ಒಂದು ಸಂಚಿಕೆಯಲ್ಲಿ ಸತ್ತ ಮೀನೊಂದನ್ನು ಮಣ್ಣುಮಾಡಿ, ದುಃಖವೆಂದರೇನೆಂದು ಮಕ್ಕಳೊಡನೆ ಮಾತಾಡಿದರು. ಅದಕ್ಕೂ ಹಿಂದೆ, 1969ರ ಮೇ ತಿಂಗಳಲ್ಲಿ, ಪೊಲೀಸ್ ಅಧಿಕಾರಿಯ ಪಾತ್ರ ವಹಿಸುತ್ತಿದ್ದ ಕಪ್ಪುವರ್ಣೀಯ ಗಾಯಕ ಫ್ರಾಂಸ್ವಾ ಕ್ಲೆಮನ್ಸ್ ಅವರನ್ನು ಕರೆದು, ಬಿಸಿಲಿನ ದಿನದಲ್ಲಿ ಮಕ್ಕಳ ಚಿಕ್ಕ ನೀರಿನ ತೊಟ್ಟಿಯೊಳಗೆ ತಮ್ಮ ಕಾಲುಗಳ ಪಕ್ಕದಲ್ಲೇ ಅವರ ಕಾಲುಗಳನ್ನೂ ಇರಿಸಿಕೊಂಡರು. ಅಮೆರಿಕದ ಈಜುಕೊಳಗಳಿಂದ ಕಪ್ಪು ಜನರನ್ನು ಅಟ್ಟುತ್ತಿದ್ದುದು ಜನರ ನೆನಪಿನಲ್ಲಿ ಹಸಿಯಾಗಿದ್ದ ಕಾಲವದು. ಒಂದೇ ಟವೆಲ್ಲಿನಲ್ಲಿ ಇಬ್ಬರೂ ಕಾಲು ಒರೆಸಿಕೊಂಡರು. ಒಂದು ಮಾತಿಲ್ಲದೆ ಗೆಳೆತನದ ಒಂದು ಇಡೀ ಅಧ್ಯಾಯವನ್ನೇ ಮಕ್ಕಳಿಗೆ ತೋರಿಸಿದರು. ನೀರು, ಕಾಲು, ಒರೆಸುವ ಬಟ್ಟೆ: ಪವಿತ್ರ ಗುರುವಾರದ ಪೂಜೆಯಲ್ಲಿ ನಾವು ಕಾಣುವುದೂ ಇವನ್ನೇ.

ಅದೇ ತಿಂಗಳ ಒಂದನೇ ತಾರೀಖು ಸಾರ್ವಜನಿಕ ದೂರದರ್ಶನದ ಹಣವನ್ನು ಕಡಿತಗೊಳಿಸುವ ಚರ್ಚೆ ನಡೆದಿದ್ದಾಗ ರೋಜರ್ಸ್ ಅಮೆರಿಕದ ಸೆನೆಟ್ ಉಪಸಮಿತಿಯ ಮುಂದೆ ಕುಳಿತು, ಕೋಪ ಬಂದಾಗ ತನ್ನನ್ನು ತಾನು ತಡೆದುಕೊಳ್ಳುವುದನ್ನು ಮಗುವಿಗೆ ಹೇಗೆ ಕಲಿಸಬಹುದೆಂದು ಕೆಲವೇ ನಿಮಿಷ ಮಾತಾಡಿದರು. ಕಠಿಣನೆಂದು ಹೆಸರಾಗಿದ್ದ ಅಧ್ಯಕ್ಷ ಪಾಸ್ಟೋರ್ ಕರಗಿಹೋದರು. ಎರಡು ಕೋಟಿ ಡಾಲರ್ ಉಳಿಯಿತು.

ಹಾಗಾದರೆ ಆ ಕಾರ್ಯಕ್ರಮ ನೋಡಿದ ಮಕ್ಕಳು ನಿಜವಾಗಿ ಬದಲಾದರೇ? ಲಿನೆಟ್ ಫ್ರೀಡ್ರಿಕ್ ಮತ್ತು ಅಲೇಥಾ ಸ್ಟೈನ್ ಎಂಬ ಇಬ್ಬರು ಸಂಶೋಧಕಿಯರು 1970ರ ದಶಕದಲ್ಲಿ ಇದನ್ನೇ ಪರೀಕ್ಷಿಸಿದರು. 1975ರಲ್ಲಿ ಪ್ರಕಟವಾದ ಅವರ ಅಧ್ಯಯನ ಇಂದಿಗೂ ಓದಬೇಕಾದದ್ದು. ರೋಜರ್ಸ್ ಕಾರ್ಯಕ್ರಮ ನೋಡಿದ ಮಕ್ಕಳು ಅದರ ಪಾಠವನ್ನು ಗ್ರಹಿಸಿದ್ದರು. ಆದರೆ ಮತ್ತೊಬ್ಬರಿಗೆ ಸಹಾಯ ಮಾಡುವ ನಿಜವಾದ ಕೈಕೆಲಸ ಹೆಚ್ಚಾದದ್ದು, ನೋಡಿದ ಮೇಲೆ ಗೊಂಬೆಗಳನ್ನು ಹಿಡಿದು ಆ ಪ್ರಸಂಗವನ್ನು ಆಡಿ ಅಭ್ಯಾಸ ಮಾಡಿದ ಮಕ್ಕಳಲ್ಲಿ. ಅಂದರೆ ಪರದೆ ಬೀಜವನ್ನು ಕೊಟ್ಟಿತು; ಅದು ಮೊಳೆತದ್ದು ಪರದೆಯನ್ನು ಆರಿಸಿದ ನಂತರ.

ಈ ನಡುವೆ ಇನ್ನೊಂದು ಬಗೆಯ ಮಕ್ಕಳ ಕಥೆಯನ್ನು ಹೇಳದಿದ್ದರೆ ಅನ್ಯಾಯವಾದೀತು. ನಮ್ಮ ಧರ್ಮಕೇಂದ್ರಗಳಲ್ಲೂ ಆಟಿಸಂ ಇರುವ ಮಕ್ಕಳ ಕುಟುಂಬಗಳಿವೆ. ಬೇರೆ ಮಕ್ಕಳು ತಾವಾಗಿಯೇ ಹೀರಿಕೊಳ್ಳುವ ಮುಖಭಾವ, ದನಿಯ ಏರಿಳಿತ, ಮಾತಿನ ಸರದಿ ಇವೆಲ್ಲವನ್ನೂ ಈ ಮಕ್ಕಳಿಗೆ ಒಂದೊಂದಾಗಿ ಬಿಡಿಸಿ ಹೇಳಬೇಕಾಗುತ್ತದೆ. ಸಾಧನಗಳ ಸಹಾಯ ಇಲ್ಲಿ ಹೆಚ್ಚು ಅರ್ಥಪೂರ್ಣ. ಅಮೆರಿಕದ ಮಿಷಿಗನ್ ರಾಜ್ಯದ ಶಿಕ್ಷಕಿ ಕ್ಯಾರಲ್ ಗ್ರೇ 1990ರ ದಶಕದ ಆರಂಭದಲ್ಲಿ ಇಂಥ ಮಕ್ಕಳಿಗಾಗಿ 'ಸಾಮಾಜಿಕ ಕಥೆ'ಗಳನ್ನು ಬರೆಯತೊಡಗಿದರು. 'ಊಟದ ಸಾಲಿನಲ್ಲಿ ಏನಾಗುತ್ತದೆ, ಇತರರಿಗೆ ಏನನ್ನಿಸುತ್ತದೆ' ಎಂದು ಆ ಮಗುವಿನ ದೃಷ್ಟಿಯಿಂದಲೇ ವಿವರಿಸುವ ಪುಟ್ಟ ಬರಹಗಳವು. ಇಂದಿನ ಎಷ್ಟೋ ಆ್ಯಪ್‌ಗಳ ಬೇರು ಆ ಕಾಗದದ ಕಥೆಗಳಲ್ಲಿದೆ.

ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಸೈಮನ್ ಬ್ಯಾರನ್-ಕೊಹೆನ್ ಅವರ ತಂಡ 2004ರಲ್ಲಿ ನಾನೂರಹನ್ನೆರಡು ಭಾವನೆಗಳನ್ನು ನಟರ ಮುಖ ಮತ್ತು ದನಿಯಲ್ಲಿ ತೋರಿಸುವ ಗಣಕ ಕೋಶವೊಂದನ್ನು ಹೊರತಂದಿತು. ಮನುಷ್ಯನ ಎದೆಯಲ್ಲಿ ಇಷ್ಟೊಂದು ಭಾವಗಳಿವೆಯೇ ಎಂದು ಎಣಿಕೆ ಕೇಳಿದವರು ಬೆರಗಾಗುತ್ತಾರೆ. ನಮ್ಮ ನವರಸಗಳು ಎಲ್ಲಿ, ನಾನೂರು ಎಲ್ಲಿ! ಅದನ್ನು ಹತ್ತು ವಾರ ಬಳಸಿದ ವಯಸ್ಕರು ಅದರಲ್ಲಿದ್ದ ಮುಖಗಳನ್ನು ಚೆನ್ನಾಗಿ ಗುರುತಿಸಿದರು. ಆದರೆ ಬೇರೆ ರೀತಿಯ ಹೊಸ ಸನ್ನಿವೇಶಗಳಿಗೆ ಆ ಕಲಿಕೆ ಅಷ್ಟಾಗಿ ಸಾಗಿಬರಲಿಲ್ಲ. ಇದರ ನಂತರ ಅದೇ ತಂಡ ಚಿಕ್ಕ ಮಕ್ಕಳಿಗಾಗಿ 'ದ ಟ್ರಾನ್ಸ್‌ಪೋರ್ಟರ್ಸ್' ಎಂಬ ಹದಿನೈದು ಕಂತುಗಳ ಚಿತ್ರಮಾಲೆಯನ್ನು ರೂಪಿಸಿತು. ಟ್ರಾಮು, ರೈಲು ಮುಂತಾದ ವಾಹನಗಳಿಗೆ ನಿಜವಾದ ಮನುಷ್ಯಮುಖಗಳನ್ನು ಜೋಡಿಸಿದ್ದರು. ಇಂಥ ಮಕ್ಕಳಲ್ಲಿ ಅನೇಕರಿಗೆ ಗಾಲಿ, ಹಳಿ, ಒಂದೇ ಬಗೆಯ ಚಲನೆ ಬಹಳ ಇಷ್ಟ. ಆದ್ದರಿಂದ ಅವರ ಇಷ್ಟದ ಬಾಗಿಲಿನಿಂದಲೇ ಒಳಹೋಗುವ ಉಪಾಯ ಅದು. ನಾಲ್ಕು ವಾರ ನೋಡಿದ ಮಕ್ಕಳ ಭಾವ ಗುರುತಿಸುವ ಶಕ್ತಿ ಗಮನಾರ್ಹವಾಗಿ ಹೆಚ್ಚಿತೆಂದು 2010ರ ವರದಿ ಹೇಳಿತು. ಬುದ್ಧಿಯ ಬೆಳವಣಿಗೆಯಲ್ಲೂ ಹಿಂದುಳಿದ ಮಕ್ಕಳೊಡನೆ ಆಸ್ಟ್ರೇಲಿಯಾದಲ್ಲಿ ಮುಂದೆ ನಡೆದ ಅಧ್ಯಯನದಲ್ಲಿ ಲಾಭ ಕಡಿಮೆ, ಸಾಮಾಜಿಕ ನಡವಳಿಕೆಗೆ ಅದು ಹಬ್ಬಲಿಲ್ಲ. ಮುಖವನ್ನು ಓದಬಲ್ಲ ಮಗು ಆ ಮುಖದ ಬಳಿಗೆ ಹೋಗಿ 'ನಾನೂ ಆಡಲೇ?' ಎಂದು ಕೇಳುವುದು ಮತ್ತೊಂದೇ ಹೆಜ್ಜೆ.

2010ರಲ್ಲಿ ಐಪ್ಯಾಡ್ ಬಂದ ಮೇಲೆ ಈ ಕ್ಷೇತ್ರದಲ್ಲಿ ಬೆಳೆ ಹುಲುಸಾಯಿತು. ನಮ್ಮ ಪಕ್ಕದ ಚೆನ್ನೈಯಲ್ಲಿ ಅಜಿತ್ ನಾರಾಯಣನ್ ಎಂಬ ತರುಣ ಎಂಜಿನಿಯರ್, ಮಾತಾಡಲಾಗದ ಮಕ್ಕಳು ಚಿತ್ರಗಳನ್ನು ಮುಟ್ಟಿ ವಾಕ್ಯ ಕಟ್ಟುವಂತೆ, ಆ ವಾಕ್ಯವನ್ನು ಯಂತ್ರ ಗಟ್ಟಿಯಾಗಿ ನುಡಿಯುವಂತೆ 'ಆವಾಜ್' ಎಂಬ ಸಾಧನವನ್ನು ರೂಪಿಸಿದರು. ಮುಂದೆ ಅದೇ ಆ್ಯಪ್ ಆಯಿತು. ಇಂಥ ಆ್ಯಪನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅದು ಮಗುವಿಗೆ ಗೆಳೆಯನಾಗಲು ಬರುವುದಿಲ್ಲ. ಮಗು ಇನ್ನೊಬ್ಬರೊಡನೆ ಮಾತಾಡಲು ನಾಲಗೆಯಾಗುತ್ತದೆ.

ಎಲ್ಲ ಮಕ್ಕಳಿಗೂ ಎಂದು ಹೊರಟ ಆ್ಯಪ್‌ಗಳಲ್ಲಿ ಮೊದಮೊದಲು ಹೆಸರಾದದ್ದು 1969ರಿಂದ ನಡೆದುಬಂದ 'ಸೆಸಮಿ ಸ್ಟ್ರೀಟ್' ಬಳಗದ್ದು. ಅದೇ ಬಳಗದ 'ಗಲಿ ಗಲಿ ಸಿಮ್ ಸಿಮ್' 2006ರಿಂದ ಭಾರತದ ಮಕ್ಕಳಿಗೂ ಪರಿಚಿತವಾಗಿತ್ತು. 2013ರ ಸುಮಾರಿಗೆ ಬಂದ ಅವರ ಆ್ಯಪ್‌ನಲ್ಲಿ ಸಿಟ್ಟಾದ ಪುಟ್ಟ ಗೊಂಬೆಯೊಂದಿದೆ. ಮಗು ಬೆರಳಿನಿಂದ ತಟ್ಟಿ ಅದಕ್ಕೆ ನಿಧಾನವಾಗಿ ಉಸಿರಾಡಿಸಬೇಕು, ಬಳಿಕ ಉಪಾಯಗಳನ್ನು ಯೋಚಿಸಬೇಕು, ಒಂದನ್ನು ಆರಿಸಿ ಮಾಡಿಸಬೇಕು. ಇತ್ತ ರೋಜರ್ಸ್ 2003ರಲ್ಲಿ ತೀರಿಕೊಂಡರೂ, ಅವರು 1954ರಲ್ಲಿ ಕೈಗೆ ತೊಟ್ಟ ಹುಲಿಗೊಂಬೆ ಡೇನಿಯಲ್ 2012ರಲ್ಲಿ ವ್ಯಂಗ್ಯಚಿತ್ರದ ಹುಲಿಮರಿಯಾಗಿ ದೂರದರ್ಶನಕ್ಕೂ, ಅಲ್ಲಿಂದ ಆ್ಯಪ್‌ಗಳಿಗೂ ಬಂತು. ಟೆಕ್ಸಾಸಿನ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಈ ಹುಲಿಮರಿಯ ಕಾರ್ಯಕ್ರಮವನ್ನು ಎರಡು ವಾರ ನೋಡಿದ ಮಕ್ಕಳಲ್ಲಿ ಪರರ ನೋವಿಗೆ ಮಿಡಿಯುವ ಗುಣ ಹೆಚ್ಚಿತ್ತು. ಆದರೆ ಯಾವ ಮಕ್ಕಳಲ್ಲಿ? ಟಿ.ವಿ.ಯಲ್ಲಿ ಕಂಡದ್ದರ ಬಗ್ಗೆ ಅಪ್ಪ ಅಮ್ಮ ಮಾತಾಡುವ ರೂಢಿಯಿದ್ದ ಮನೆಯ ಮಕ್ಕಳಲ್ಲಿ. 1975ರ ಫಲಿತಾಂಶಕ್ಕೂ ಇದಕ್ಕೂ ನಲವತ್ತೊಂದು ವರ್ಷಗಳ ಅಂತರ. ಹೇಳಿದ್ದು ಬಹುತೇಕ ಒಂದೇ.

ಇದರ ಕಾರಣವನ್ನು ಬೇರೊಂದು ದಿಕ್ಕಿನಿಂದಲೂ ನೋಡಬಹುದು. ಪೆಟ್ರೀಷಿಯಾ ಕೂಲ್ ಎಂಬ ವಿಜ್ಞಾನಿ 2003ರಲ್ಲಿ ಒಂಬತ್ತು ತಿಂಗಳ ಅಮೆರಿಕದ ಶಿಶುಗಳಿಗೆ ಚೀನೀ ಭಾಷೆಯನ್ನು ಕೇಳಿಸಿದರು. ಎದುರಿಗೆ ಕುಳಿತ ಮನುಷ್ಯರಿಂದ ಕೇಳಿದ ಶಿಶುಗಳು ಆ ಭಾಷೆಯ ಧ್ವನಿಭೇದವನ್ನು ಗ್ರಹಿಸಿದವು. ಅದೇ ಮಾತುಗಳನ್ನು ಪರದೆಯಲ್ಲಿ ನೋಡಿದ ಶಿಶುಗಳು ಏನನ್ನೂ ಕಲಿತಿರಲಿಲ್ಲ. 2014ರಲ್ಲಿ ಕ್ಯಾಲಿಫೋರ್ನಿಯದ ಯಾಲ್ಡಾ ಉಲ್ಸ್ ಮತ್ತು ಸಂಗಡಿಗರು ಐದು ದಿನ ಫೋನು, ಟಿ.ವಿ., ಗಣಕ ಇಲ್ಲದ ಶಿಬಿರದಲ್ಲಿದ್ದ 51 ಮಕ್ಕಳನ್ನು, ಶಿಬಿರಕ್ಕೆ ಇನ್ನೂ ಹೋಗಿರದ 54 ಮಕ್ಕಳೊಡನೆ ಹೋಲಿಸಿದರು. ಶಿಬಿರದಿಂದ ಬಂದವರು ಇತರರ ಮುಖ ಮತ್ತು ಹಾವಭಾವ ಓದುವುದರಲ್ಲಿ ಹೆಚ್ಚು ಸುಧಾರಿಸಿದ್ದರು. ಪರದೆ ಇಲ್ಲದ್ದರಿಂದಲೋ, ಐದು ದಿನ ಒಟ್ಟಿಗೆ ಉಂಡು ಮಲಗಿ ಬೆಟ್ಟ ಹತ್ತಿದ್ದರಿಂದಲೋ ಎಂದು ಆ ಅಧ್ಯಯನದಿಂದಲೇ ಬಿಡಿಸಿ ಹೇಳಲಾಗದು. ತಾಯಿತಂದೆಯರಿಗೆ ಆ ವ್ಯತ್ಯಾಸ ಅಷ್ಟು ಮುಖ್ಯವೂ ಅಲ್ಲವೇನೋ.

ನಮ್ಮ ರಾಜ್ಯದ ಮಕ್ಕಳು ಇದಕ್ಕಿಂತ ದೊಡ್ಡದಾದ, ಯಾರೂ ಬಯಸದ ಪರೀಕ್ಷೆಯೊಂದಕ್ಕೆ ಒಳಗಾದರು. ಕೊರೊನಾ ಕಾರಣದಿಂದ 2020ರ ಮಾರ್ಚಿನಲ್ಲಿ ಮುಚ್ಚಿದ ಕರ್ನಾಟಕದ ಶಾಲೆಗಳಲ್ಲಿ ಒಂದರಿಂದ ಐದನೇ ತರಗತಿಯ ಮಕ್ಕಳು ಮತ್ತೆ ಕಾಲಿಟ್ಟದ್ದು 2021ರ ಅಕ್ಟೋಬರ್ 25ರಂದು. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ! ಆ ಅವಧಿಯಲ್ಲಿ ಮೊಬೈಲ್ ಇದ್ದ ಮನೆಗಳಿಗೆ ಪಾಠವೇನೋ ಬಂತು. ಪಕ್ಕದ ಬೆಂಚಿನ ಗೆಳೆಯ ಬರಲಿಲ್ಲ. ಧರ್ಮೋಪದೇಶದ ತರಗತಿಗೆ ಹಿಂದಿರುಗಿದ ಚಿಕ್ಕ ಮಕ್ಕಳಲ್ಲಿ ಬಣ್ಣದ ಪೆನ್ಸಿಲ್ ಹಂಚಿಕೊಳ್ಳುವುದು, ಸರದಿಗಾಗಿ ಕಾಯುವುದು, ಜಗಳವಾದ ಮೇಲೆ ತಾವೇ ರಾಜಿಯಾಗುವುದು ಇವೆಲ್ಲ ಮೊದಲಿನಿಂದ ಆರಂಭವಾದುದನ್ನು ನಮ್ಮ ಉಪದೇಶಿಗಳು ಕಂಡಿದ್ದಾರೆ.

ಈ ವಿಷಯಕ್ಕೆ ವ್ಯಾಪಾರದ ಮುಖವೂ ಇದೆ. ಅದನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಪುಸ್ತಕವನ್ನು ಮಾರಿದವನಿಗೆ ಮಗು ಅದನ್ನು ಮುಚ್ಚಿಟ್ಟರೆ ನಷ್ಟವಿಲ್ಲ. ಆದರೆ ಜಾಹೀರಾತಿನಿಂದ ಬದುಕುವ ಆ್ಯಪ್‌ಗೆ ಮಗು ಅದನ್ನು ಮುಚ್ಚದಿರುವುದೇ ಲಾಭ. ಗೆಳೆಯರನ್ನು ಹುಡುಕಿಕೊಂಡು ಮಗು ಹೊರಗೆ ಓಡಬೇಕೆಂಬ ಉದ್ದೇಶಕ್ಕೂ ಈ ಲೆಕ್ಕಾಚಾರಕ್ಕೂ ಹೊಂದಾಣಿಕೆಯಾಗುವುದು ಕಷ್ಟ. ಮಗುವಿನ ಹೆಸರು, ದನಿ, ಅಳು, ಭಯ ಎಲ್ಲವೂ ಎಲ್ಲೋ ದಾಖಲಾಗುವ ಅಪಾಯವೂ ಉಂಟು. ನಮ್ಮ ಸಂಸತ್ತು 2023ರಲ್ಲಿ ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, ಹದಿನೆಂಟು ತುಂಬದವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆಂದೂ, ಮಕ್ಕಳನ್ನು ಹಿಂಬಾಲಿಸಿ ಜಾಹೀರಾತು ಗುರಿಯಿಡಬಾರದೆಂದೂ ಹೇಳುತ್ತದೆ. ಒಪ್ಪಿಗೆ ಕೇಳುವ ಪುಟ ತೆರೆದಾಗ ಓದದೆ ಒತ್ತುವ ಅಭ್ಯಾಸವನ್ನು ದಯಮಾಡಿ ಬಿಡಿ.

ಇನ್ನೊಂದು ತಿರುವು ಇನ್ನೂ ಸೂಕ್ಷ್ಮವಾದದ್ದು. ಗೆಳೆತನ ಕಲಿಸುವ ಯಂತ್ರ ಬೇರೆ, ತಾನೇ ಗೆಳೆಯನೆಂದು ಹೇಳಿಕೊಳ್ಳುವ ಯಂತ್ರ ಬೇರೆ. 1966ರಲ್ಲಿ ಅಮೆರಿಕದ ಜೋಸೆಫ್ ವೈಜೆನ್‌ಬಾಮ್ 'ಎಲಿಜಾ' ಎಂಬ ಸರಳ ಗಣಕ ಕ್ರಮವಿಧಿಯನ್ನು ರಚಿಸಿದರು. ಕೇಳಿದ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದಷ್ಟೇ ಅದರ ಕೆಲಸ. ಅದು ತಯಾರಾಗುವುದನ್ನು ತಿಂಗಳುಗಟ್ಟಲೆ ನೋಡಿದ್ದ ಅವರ ಕಾರ್ಯದರ್ಶಿಯೇ ಅದರೊಡನೆ ಸ್ವಲ್ಪ ಹೊತ್ತು ಮಾತಾಡಿದ ಮೇಲೆ, ದಯವಿಟ್ಟು ನೀವು ಹೊರಗೆ ಹೋಗಿ ಎಂದು ಅವರಿಗೇ ಹೇಳಿದರಂತೆ. ಇದರಿಂದ ಕಳವಳಗೊಂಡ ವೈಜೆನ್‌ಬಾಮ್ ಮುಂದೆ ಇಂಥ ಯಂತ್ರಗಳ ಕಟು ವಿಮರ್ಶಕರಾದರು. ಇಂದಿನ ಮಾತಾಡುವ ಯಂತ್ರಗಳು ಎಲಿಜಾಗಿಂತ ಸಾವಿರ ಪಾಲು ಚತುರ. ಅವು ದಣಿಯುವುದಿಲ್ಲ, ಮುನಿಸಿಕೊಳ್ಳುವುದಿಲ್ಲ, 'ಇವತ್ತು ನಿನ್ನ ಆಟ ಬೇಡ, ನನ್ನ ಆಟ ಆಡೋಣ' ಎನ್ನುವುದೂ ಇಲ್ಲ. ಒಂಟಿಯಾದ ಮಗುವಿಗೆ ಇದು ಹಿತವೆನಿಸುವುದು ಸಹಜ. ಪಿಯಾಜೆ ಕಂಡ ಗೋಲಿಯಾಟದ ಹುಡುಗರು ಕಲಿತದ್ದು ಮಾತ್ರ ಮುನಿಸಿಕೊಳ್ಳಬಲ್ಲ ಜೊತೆಗಾರರಿಂದ.

ಈಗ ತಾಯಂದಿರ ಪ್ರಶ್ನೆಗೆ ಬರೋಣ. ಆ್ಯಪ್ ಹಾಕಿಕೊಡಬಹುದೇ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದೆಂದಿದೆ. ಆ ಮಿತಿಯೊಳಗೆ, ನೀವೂ ಪಕ್ಕದಲ್ಲಿ ಕುಳಿತು ನೋಡುವುದಾದರೆ, ಹಾಕಿಕೊಡಿ ಎನ್ನುತ್ತೇನೆ. ಆದರೆ ಅದಕ್ಕೂ ಮುಂಚೆ 1977ರ ಅಧ್ಯಯನವೊಂದನ್ನು ಕೇಳಿ. ಕಾಲಾನುಕ್ರಮದಲ್ಲಿ ಇದು ಮೊದಲೇ ಬರಬೇಕಾಗಿತ್ತು. ಬೇಕೆಂದೇ ಕೊನೆಗೆ ಉಳಿಸಿದ್ದೇನೆ.

ಶೆರಿ ಓಡನ್ ಮತ್ತು ಸ್ಟೀವನ್ ಆ್ಯಶರ್ ಎಂಬಿಬ್ಬರು ಅಮೆರಿಕದ ಮೂರು ಮತ್ತು ನಾಲ್ಕನೇ ತರಗತಿಗಳಲ್ಲಿ 'ಯಾರೊಡನೆ ಆಡಲು ನಿನಗೆ ಎಷ್ಟು ಇಷ್ಟ?' ಎಂದು ಎಲ್ಲ ಮಕ್ಕಳನ್ನೂ ಕೇಳಿ, ಯಾರಿಗೂ ಅಷ್ಟಾಗಿ ಬೇಡವಾದ ಮಕ್ಕಳನ್ನು ಗುರುತಿಸಿದರು. ಅವರಲ್ಲಿ ಕೆಲವರಿಗೆ ಒಬ್ಬ ಹಿರಿಯರು ನಾಲ್ಕು ವಾರಗಳ ಕಾಲ ಆಗಾಗ ಹೇಳಿಕೊಟ್ಟದ್ದು ಬಹಳ ಸರಳ ಸಂಗತಿಗಳು: ಆಟದಲ್ಲಿ ಮನಸ್ಸಿಟ್ಟು ಸೇರುವುದು, ಸರದಿ ಮತ್ತು ಸಾಮಾನು ಹಂಚಿಕೊಳ್ಳುವುದು, ಮಾತಾಡುವುದು ಮತ್ತು ಕೇಳಿಸಿಕೊಳ್ಳುವುದು, ಜೊತೆಗಾರನಿಗೆ ಒಂದು ನಗು ಅಥವಾ ಒಳ್ಳೆಯ ಮಾತು ಕೊಡುವುದು. ಹೇಳಿದ ಕೂಡಲೇ ಸಹಪಾಠಿಯೊಬ್ಬನನ್ನು ಕರೆದು ಇಬ್ಬರನ್ನೂ ಆಟಕ್ಕೆ ಬಿಡುತ್ತಿದ್ದರು. ಆಟ ಮುಗಿದ ಮೇಲೆ ಆ ಹಿರಿಯರು ಮಗುವಿನ ಬಳಿ ಮತ್ತೆ ಕುಳಿತು 'ಹೇಗಾಯಿತು? ಏನು ಮಾಡಿ ನೋಡಿದೆ?' ಎಂದು ಕೇಳುತ್ತಿದ್ದರು. ಇನ್ನು ಕೆಲವು ಮಕ್ಕಳನ್ನು ಏನೂ ಹೇಳಿಕೊಡದೆ ಸುಮ್ಮನೆ ಜೊತೆಯಾಗಿ ಆಡಲು ಬಿಟ್ಟಿದ್ದರು. ಹೇಳಿಸಿಕೊಂಡು, ಆಡಿ, ಮತ್ತೆ ಮಾತಾಡಿದ ಮಕ್ಕಳೊಡನೆ ಆಡಲು ತರಗತಿಯ ಇತರರಿಗೆ ಮೊದಲಿಗಿಂತ ಹೆಚ್ಚು ಇಷ್ಟವಾಗತೊಡಗಿತು. ಒಂದು ವರ್ಷದ ನಂತರ ಸಂಶೋಧಕರು ಅದೇ ಮಕ್ಕಳನ್ನು ಹುಡುಕಿಕೊಂಡು ಹೋದಾಗಲೂ ಆ ಪ್ರಗತಿ ಹಾಗೆಯೇ ಮುಂದುವರಿದಿತ್ತು.